ಎರಡು ಬೆರಳು ಹೆಚ್ಚಿನ ಗಾಜು

ಲೋಕದಲ್ಲಿ ಹೇಳಬೇಕಾದ ದೊಡ್ಡ ಸಂಗತಿಗಳು ಸಾಲುಗಟ್ಟಿ ನಿಂತಿರುವಾಗ, ಮೋಟಾರ್ ಸೈಕಲ್ಲಿನ ಮುಂದೆ ಕೂರಿಸುವ ಒಂದು ಗಾಜಿನ ತುಂಡಿನ ವಿಷಯ ಎತ್ತಿಕೊಂಡು ಬಂದದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಗಾಳಿ ಹೇಗೆ ಹರಿಯುತ್ತದೆ ಎಂದು ಓದಿ ತಿಳಿದವರು ಈ ಕಥೆ ಹೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಆದರೆ ತಿಳಿದವರು ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರಿಗೆ ಏನೂ ತಿಳಿದಿರಲಿಲ್ಲ. ಹೀಗಾಗಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ ಒಬ್ಬ ಮರ್ಯಾದಸ್ಥರು ಊರ ಬಾಯಲ್ಲಿ ಅರ್ಧ ಸತ್ತುಹೋದರು. ಅನ್ಯಾಯ ಅನ್ಯಾಯವೇ. ಹೇಳುವುದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕಾಗಿ ವಿನಂತಿ.

ಆ ಮರ್ಯಾದಸ್ಥರು ಟೇಲರ್. ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವುದು ಅವರ ಕಸುಬು. ಬೀದಿಯವರು ಎದುರಿಗೆ ‘ಮಾಸ್ಟರೇ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಎರಡು ಬೆರಳು’ ಅನ್ನುತ್ತಿದ್ದರು. ಕಾರಣ ಇಷ್ಟೇ. ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಟೇಪು ಹಿಡಿದು, ತೋಳು, ಸೊಂಟ, ಉದ್ದ ಎಂದು ಕೂದಲೆಳೆಯ ವ್ಯತ್ಯಾಸವೂ ಬಾರದ ಹಾಗೆ ಅಳೆಯುತ್ತಿದ್ದರು. ಅಳೆದಾದ ಮೇಲೆ ಟೇಪಿನ ತುದಿಗೆ ತಮ್ಮ ಎರಡು ಬೆರಳು ಅಡ್ಡ ಇಟ್ಟು, “ಬೆಳೆಯೋ ಮಗು” ಎಂದು ಅಷ್ಟನ್ನೂ ಸೇರಿಸಿಬಿಡುತ್ತಿದ್ದರು. ತೋಳಿಗೂ ಎರಡು ಬೆರಳು, ಸೊಂಟಕ್ಕೂ ಎರಡು ಬೆರಳು. “ಭುಜ ಜಾರ್ತಿದೆಯಲ್ಲ ಮಾಸ್ಟರೇ” ಎಂದು ಯಾವುದಾದರೂ ತಾಯಿ ಸಂಕಟಪಟ್ಟರೆ, “ಬಟ್ಟೆಯದೇನೂ ತಪ್ಪಿಲ್ಲ ತಾಯಿ. ಮಗು ಇನ್ನೂ ಬಟ್ಟೆಗೆ ಹೊಂದ್ಕೊಂಡಿಲ್ಲ. ಬೆಳೀತಾನೆ ಬಿಡಿ” ಅನ್ನುತ್ತಿದ್ದರು. ಸಂಜೆ ಶಾಲೆ ಬಿಟ್ಟಾಗ ಆ ಬೀದಿಯಲ್ಲಿ ಬರೀ ಅಂಗಿಗಳೇ ನಡೆದು ಹೋಗುತ್ತಿದ್ದವು. ಮಕ್ಕಳು ಒಳಗೆಲ್ಲೋ ಇರುತ್ತಿದ್ದರು.

ಅಂಗಡಿಯಲ್ಲಿ ಬಾಯಿ ತಪ್ಪಿಯೂ ಆಡಬಾರದ ಮಾತು ಒಂದೇ: ರೆಡಿಮೇಡ್. ಯಾರೋ ಕಾಣದ ಊರಿನಲ್ಲಿ, ಯಾರೋ ಕಾಣದ ಮನುಷ್ಯನ ಮೈಗೆಂದು ಹೊಲಿದದ್ದನ್ನು ಇನ್ನೊಬ್ಬ ಹಾಕಿಕೊಳ್ಳುವುದು ಎಂಜಲು ತಟ್ಟೆಯಲ್ಲಿ ಉಂಡಂತೆ ಎಂದು ಮಾಸ್ಟರ ಅಭಿಪ್ರಾಯ. ಈ ಅಭಿಪ್ರಾಯ ಮುಂದೆ ಅವರ ಮೂಗಿಗೇ ಬಂತು.

ರಗಳೆ ಶುರುವಾದದ್ದು ಒಂದು ‘ಹೂಂ’ನಿಂದ. ಹೆಂಡತಿಯ ತವರು ಹೈವೇಯ ಆ ತುದಿಯಲ್ಲಿತ್ತು. ಹಿಂದಿನ ಸಲ ಇಬ್ಬರೂ ಮೋಟಾರ್ ಸೈಕಲ್ಲಿನಲ್ಲಿ ಹೋಗಿದ್ದರು. ಊರೊಳಗೆ ಸಾಧುವಾಗಿದ್ದ ಗಾಳಿ, ಹೈವೇ ಹತ್ತಿದ ತಕ್ಷಣ ಜಗಳಕ್ಕೆ ಬಂದ ದಾಯಾದಿಯ ಹಾಗೆ ಎದೆಯ ಮೇಲೆ ಬಿತ್ತು. ಅಂಗಿ ಊದಿಕೊಂಡು ಬಲೂನಾಯಿತು. ಕೆನ್ನೆಗಳು ಕಿವಿಯ ಕಡೆ ಹೊರಟವು. ಹುಳುಗಳು ಬಾಯೊಳಗೆ ಬಂದು ಹಲ್ಲು ಎಣಿಸಿ ಹೋದವು. ಆ ಹೊತ್ತಿನಲ್ಲಿ ಹಿಂದೆ ಕೂತ ಹೆಂಡತಿ ಏನೋ ಕೇಳಿದಳು. ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಬೀಳದಿದ್ದಾಗ ಗಂಡಂದಿರು ಮಾಡುವುದನ್ನೇ ಮಾಸ್ಟರೂ ಮಾಡಿದರು. “ಹೂಂ” ಅಂದರು. ಸ್ವಲ್ಪ ದೂರ ಹೋದ ಮೇಲೆ ಅವಳು ಮತ್ತೆ ಕೇಳಿದಳು. ಇವರು ಮತ್ತೆ “ಹೂಂ” ಅಂದರು. ಅಲ್ಲಿಂದ ಅವಳ ಬಾಯಿಗೆ ಯಾರೋ ಗುಂಡಿ ಹಾಕಿದ ಹಾಗಾಯಿತು. ಮಾಸ್ಟರಿಗೆ ಅದು ನೆಮ್ಮದಿ ಅನ್ನಿಸಿದ್ದೇ ತಪ್ಪು.

ಈಗ ಮಾವನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಭಾನುವಾರ ಪಟ್ಟಿ ಬಿಚ್ಚುತ್ತಾರೆ, ಕಣ್ಣು ಬಿಟ್ಟರೆ ಮೊದಲು ಹೆಣ್ಣುಮಕ್ಕಳ ಮುಖ ಕಾಣಬೇಕು ಎಂದು ಅವರ ಆಸೆ.

“ಭಾನುವಾರ ಬೇಗ ಹೊರಡೋಣ” ಎಂದರು ಮಾಸ್ಟರು, ಕಾಲರಿಗೆ ಇಸ್ತ್ರಿ ಹಾಕುತ್ತ.

“ನೀವು ಗಾಡೀಲಿ ಬನ್ನಿ. ನಾನು ಅಕ್ಕ ಭಾವನ ಜೊತೆ ಕಾರಲ್ಲಿ ಹೋಗ್ತೀನಿ.”

“ಅದ್ಯಾಕೆ? ಹೋದ ಸಲ ಇಬ್ರೂ ಗಾಡೀಲೇ ಹೋಗಿದ್ವಲ್ಲ.”

“ಹೋದ ಸಲ ನಾನೊಂದು ಮಾತು ಕೇಳ್ದೆ. ಏನು ಕೇಳ್ದೆ ಹೇಳಿ.”

ಮಾಸ್ಟರು ಇಸ್ತ್ರಿ ಪೆಟ್ಟಿಗೆಯ ಮುಖ ನೋಡಿದರು. ಅದು ಸಹಾಯಕ್ಕೆ ಬರಲಿಲ್ಲ.

“ಗಾಳಿ ಇತ್ತು ಕಣೇ.”

“ಹೂಂ ಅನ್ನೋಕೆ ಗಾಳಿ ಅಡ್ಡ ಬರಲಿಲ್ಲ.”

“ಈಗ ಕೇಳು. ಈಗ ಹೇಳ್ತೀನಿ.”

“ಅದು ಮನೇಲಿ ಕೇಳೋ ಮಾತಲ್ಲ. ಮನೇಲಿ ನಿಮ್ಮ ಕಿವಿ ಮಿಷನ್ನಿನ ಹತ್ರ ಇರುತ್ತೆ. ಗಾಡೀಲಿ ಹಿಂದೆ ಕೂತಾಗಲಾದ್ರೂ ನನಗೆ ಸಿಗುತ್ತೆ ಅಂದ್ಕೊಂಡಿದ್ದೆ. ಗೋಡೆ ಹಿಂದೆ ಕೂತು ಮಾತಾಡೋಕಿಂತ ಭಾವನ ಕಾರು ವಾಸಿ. ಗ್ಲಾಸ್ ಏರಿಸಿದ್ರೆ ಎಲ್ಲಾ ಕೇಳಿಸುತ್ತೆ.”

ಮಾಸ್ಟರಿಗೆ ಉರಿದುಹೋಯಿತು. ಭಾವ ಎಂದರೆ ಹೆಂಡತಿಯ ಅಕ್ಕನ ಗಂಡ, ಇವರ ಷಡ್ಡಕ. ಜೀವವಿಮೆ ಮಾಡಿಸುವ ಏಜೆಂಟ್. ಎದುರಿಗೆ ಕೂತವರ ಮುಖದಲ್ಲಿ ಕಾಯಿಲೆ ಹುಡುಕುವುದೇ ಅವನ ಹೊಟ್ಟೆಪಾಡು. ಅಂಥವನ ಕಾರಿನಲ್ಲಿ ತನ್ನ ಹೆಂಡತಿ ಗ್ಲಾಸ್ ಏರಿಸಿಕೊಂಡು ಮುಂದೆ ಹೋಗುವುದು, ತಾನು ಖಾಲಿ ಸೀಟು ಹೊತ್ತುಕೊಂಡು ಹಿಂದೆ ಹುಳು ತಿನ್ನುತ್ತ ಹೋಗುವುದು. ಮಾವನ ಮನೆಯ ಅಂಗಳದಲ್ಲಿ ಆ ಮೆರವಣಿಗೆ ಹೇಗೆ ಕಾಣಬಹುದು? ಮಾವನಿಗೆ ಬೇರೆ ಆ ದಿನವೇ ಕಣ್ಣು ಸ್ಪಷ್ಟವಾಗುತ್ತದೆ.

“ನನ್ನ ಗಾಡಿಗೂ ಗ್ಲಾಸ್ ಹಾಕಿಸ್ತೀನಿ” ಎಂದರು ಮಾಸ್ಟರು. “ನೀನು ಪಿಸುಗುಟ್ಟಿದ್ರೂ ಕೇಳಿಸ್ಬೇಕು. ಆವಾಗ ಕೂತ್ಕೋತೀಯಾ?”

“ಹಾಕ್ಸಿ ನೋಡೋಣ” ಎಂದಳು ಹೆಂಡತಿ. ಆ ದನಿಯಲ್ಲಿ ನಂಬಿಕೆ ಎಳ್ಳಷ್ಟೂ ಇರಲಿಲ್ಲ.

ಮಾಸ್ಟರು ಗಾಡಿ ಬಿಡಿಭಾಗದ ಅಂಗಡಿಗೆ ಹೋದರು. ಅಂಗಡಿಯವನು ಗೋಡೆಗೆ ನೇತುಹಾಕಿದ್ದ ವಿಂಡ್‌ಶೀಲ್ಡ್‌ಗಳನ್ನು ಕೋಲಿನಿಂದ ತೋರಿಸಿದ. “ಗಿಡ್ಡದು, ಉದ್ದದ್ದು, ಕಪ್ಪು ಬಣ್ಣದ್ದು. ಯಾವುದು ಕೊಡ್ಲಿ?”

“ಅಳತೆ ತಗೊಳ್ಳಲ್ವಾ?”

“ಗಾಡಿದಾ? ಎಲ್ಲಾ ಗಾಡಿಗೂ ಕೂರುತ್ತೆ.”

“ಗಾಡಿದಲ್ಲ. ನಂದು.”

ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿದ. “ನಿಮಗೆ ಯಾಕೆ ಸ್ವಾಮಿ, ನೀವೇನು ಹ್ಯಾಂಡಲಿಗೆ ಕೂತ್ಕೋತೀರಾ? ಇವೆಲ್ಲಾ ರೆಡಿಮೇಡ್.”

ಮುಂದಿನ ಮಾತಿಗೆ ಅವಕಾಶವಿರಲಿಲ್ಲ. ಮಾಸ್ಟರು ಮೆಟ್ಟಿಲಿಳಿದು ಹೊರಟುಬಿಟ್ಟರು. ಅದೇ ಅಂಗಡಿಯ ಮುಂದೆ ಗಾಡಿ ತೊಳೆಯುತ್ತಿದ್ದ, ದೂರದೂರ ಸುತ್ತಿ ಬಂದಂತಿದ್ದ ಒಬ್ಬ ಸವಾರ ಅವರನ್ನು ತಡೆದು ಸಮಾಧಾನ ಹೇಳಿದ. “ನೀವು ಹೇಳಿದ್ದು ಸರಿ. ಗ್ಲಾಸಿನ ಮೇಲಂಚು ಕೂತವರ ಮೂಗಿನ ಮಟ್ಟಕ್ಕೆ ಬರಬೇಕು. ಕಣ್ಣು ಅದರ ಮೇಲಿಂದ ರಸ್ತೆ ನೋಡಬೇಕು, ಗ್ಲಾಸೊಳಗಿಂದ ಅಲ್ಲ. ಆಗ ಗಾಳಿ ಅಂಚಿಗೆ ಬಡಿದು ತಲೆ ಮೇಲೆ ಹಾರಿ ಹೋಗುತ್ತೆ. ಗಿಡ್ಡವಾದ್ರೆ ಎದೆಗೆ ಹೊಡೆಯೋದು ಹೆಲ್ಮೆಟ್ಟಿಗೆ ಹೊಡೆಯುತ್ತೆ, ತಲೆ ಒಳಗೆ ತಮಟೆ ಬಡಿದ ಹಾಗೆ. ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗಲ್ಲ.”

ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ! ಇಷ್ಟು ಕಾಲ ಮಾಸ್ಟರು ಊರಿಗೆಲ್ಲ ಹೇಳಿಕೊಂಡು ಬಂದದ್ದೂ ಇದನ್ನೇ. ಅವರಿಗೆ ಆ ಸವಾರನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅವನ ಕೈ ಸೋಪಿನ ನೊರೆಯಾಗಿದ್ದರಿಂದ ಬಿಟ್ಟರು.

ಅಳತೆ ತೆಗೆಯುವುದು ನಿಶ್ಚಯವಾಯಿತು. ಮಾಸ್ಟರು ಅಂಗಡಿಯ ಮುಂದೆ ಗಾಡಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೊಟ್ಟು, ಹ್ಯಾಂಡಲ್ ಹಿಡಿದು ಕೂತರು. ಎದುರಿಗೆ ಸ್ಟೂಲಿನ ಮೇಲೆ ಅಂಗಡಿಯ ಟೇಬಲ್ ಫ್ಯಾನು. ಗಾಳಿ ಎಲ್ಲೆಲ್ಲಿ ತಾಗುತ್ತದೆಂದು ಕಣ್ಣಿಗೆ ಕಾಣಲಿ ಎಂದು ಕಾಲರಿನಿಂದ ಹೊಟ್ಟೆಯವರೆಗೆ ಅಂಗಿಯ ತುಂಬ ಬಣ್ಣ ಬಣ್ಣದ ದಾರದ ತುಂಡು ಅಂಟಿಸಿಕೊಂಡಿದ್ದರು. ಹೆಂಡತಿ ಮುಂದೆ ನಿಂತು ಒಂದು ರಟ್ಟಿನ ಹಾಳೆಯನ್ನು ಗಾಜಿನ ಜಾಗದಲ್ಲಿ ಹಿಡಿದು ಏರಿಸುತ್ತಿದ್ದಳು, ಇಳಿಸುತ್ತಿದ್ದಳು. ಕೋಪ ಬೇರೆ, ಕೆಲಸ ಬೇರೆ ಎನ್ನುವ ಹೆಂಗಸು ಅವಳು.

“ಎದೆಗೆ ಬರ್ತಿದೆ… ಇನ್ನೂ ಬರ್ತಿದೆ… ಮೇಲೆ ಎತ್ತು. ಅಯ್ಯೋ, ಕುತ್ತಿಗೆಗೆ ಬಂತು. ಇನ್ನೂ ಮೇಲೆ… ಹಾಂ. ಅಬ್ಬಾ, ಈಗ ಉಸಿರಾಡಬಹುದು.”

ಎದುರಿನ ಪುಸ್ತಕ ಪೆನ್ಸಿಲ್ ಅಂಗಡಿಯಾಕೆ ಇಷ್ಟನ್ನೂ ನೋಡುತ್ತ ನಿಂತಿದ್ದಳು. ರಸ್ತೆ ದಾಟಿ ಬಂದು, ಮಾಸ್ಟರನ್ನು ಬಿಟ್ಟು ಹೆಂಡತಿಯ ಕಿವಿಯ ಹತ್ತಿರ ಕೇಳಿದಳು. “ಏನಮ್ಮಾ, ಏನಾಗಿದೆ ಇವರಿಗೆ?”

“ಎದೆಗೆ ಗಾಳಿ ತಡೆಯಲ್ಲವಂತೆ” ಎಂದಳು ಹೆಂಡತಿ ಚುಟುಕಾಗಿ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಒಬ್ಬ ಮನುಷ್ಯ ಮೈತುಂಬ ದಾರ ಅಂಟಿಸಿಕೊಂಡು, ಫ್ಯಾನಿನೆದುರು ಕೂತು, ‘ಈಗ ಉಸಿರಾಡಬಹುದು’ ಅನ್ನುತ್ತಿರುವಾಗ ಅಂಥ ನಿಜ ಹೇಳಬಾರದಾಗಿತ್ತು. ಅಂಗಡಿಯಾಕೆಗೆ ಆ ದಾರಗಳು ಆಸ್ಪತ್ರೆಯಲ್ಲಿ ಎದೆಗೆ ಅಂಟಿಸುವ ವೈರುಗಳ ಹಾಗೆ ಕಂಡವು. ಅವಳು ನಾಲಿಗೆ ಲೊಚಗುಟ್ಟಿ ಹಿಂದೆ ಹೋದಳು. ಆ ಲೊಚಗುಟ್ಟಿದ ಸದ್ದು ಸಂಜೆಯ ಹೊತ್ತಿಗೆ ಬೀದಿಯ ಕೊನೆ ಮನೆ ಮುಟ್ಟಿತ್ತು.

ಮಾಸ್ಟರು ಇದಾವುದೂ ತಿಳಿಯದೆ ಬೋರ್ಡು ಮಾಡುವವನ ಶೆಡ್ಡಿಗೆ ಹೋದರು. ಅಂಗಡಿಗಳ ಹೆಸರಿನ ಬೋರ್ಡಿಗೆ ಗಾಜಿನಂಥ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಕಾಯಿಸಿ, ಬಗ್ಗಿಸುವುದು ಅವನ ಕೆಲಸ.

“ಯಾವ ಹೆಸರು ಬರೀಲಿ ಇದರ ಮೇಲೆ?” ಎಂದ ಅವನು.

“ಹೆಸರು ಬೇಡಪ್ಪಾ. ಖಾಲಿ ಗ್ಲಾಸು. ಇಷ್ಟು ಅಗಲ, ಈ ಬಾಗು, ಎತ್ತರ ಇಲ್ಲಿಂದ ನನ್ನ ಮೂಗಿನವರೆಗೆ.”

ಟೇಪು ಹಿಡಿದು ತೋರಿಸಿದರು. ಅಳತೆ ಕರಾರುವಾಕ್ಕಾಗಿತ್ತು. ಬೋರ್ಡಿನವನು ಸೀಮೆಸುಣ್ಣದಿಂದ ಗೆರೆ ಎಳೆಯಲು ಬಗ್ಗಿದ. ಆ ಕ್ಷಣದಲ್ಲಿ ಮಾಸ್ಟರ ಬಲಗೈ ತಾನೇ ತಾನಾಗಿ ಮುಂದೆ ಬಂದು, ಟೇಪಿನ ತುದಿಗೆ ಎರಡು ಬೆರಳು ಅಡ್ಡ ಇಟ್ಟಿತು. ಇಷ್ಟು ವರ್ಷದಿಂದ ಯಾರನ್ನೂ ಕೇಳದೆ ಮಾಡಿಕೊಂಡು ಬಂದ ಕೆಲಸ; ಕೈ ಈಗಲೂ ಕೇಳಲಿಲ್ಲ. ಸೀಮೆಸುಣ್ಣದ ಗೆರೆ ಬೆರಳಿನ ಮೇಲ್ಗಡೆ ಬಿತ್ತು. ಐವತ್ತು ದಾಟಿದವರ ಮೂಗು ಇನ್ನು ಮೇಲಕ್ಕೆ ಬೆಳೆಯುವುದಿಲ್ಲ ಎಂಬ ಸಂಗತಿ ಆ ಶೆಡ್ಡಿನಲ್ಲಿ ಯಾರ ನೆನಪಿಗೂ ಬರಲಿಲ್ಲ. ಮೂಗಿನಿಂದ ಎರಡು ಬೆರಳು ಮೇಲೆ ಏನಿರುತ್ತದೆ ಎಂದು ಓದುವವರು ತಮ್ಮ ಮುಖ ಮುಟ್ಟಿ ನೋಡಿಕೊಳ್ಳಬಹುದು.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಪಕ್ಕದ ಮನೆಯ ಪಿಂಚಣಿದಾರರು ಮೆಟ್ಟಿಲ ಮೇಲೆ ಕಾದು ಕೂತಿದ್ದರು.

“ಹೇಗಿದ್ದೀರಿ ಮಾಸ್ಟರೇ?”

“ಚೆನ್ನಾಗಿದ್ದೀನಲ್ಲ.”

“ಅಂದ್ಕೋಬೇಕು, ಹಾಗೇ ಅಂದ್ಕೋಬೇಕು. ನಮ್ಮ ಚಿಕ್ಕಪ್ಪನಿಗೂ ಹೀಗೇ ಶುರುವಾಗಿದ್ದು. ಮೊದಲು ಫ್ಯಾನು.”

“ಆಮೇಲೆ?”

“ಆಮೇಲೇನಿಲ್ಲ. ಚಿಕ್ಕಪ್ಪನೇ ಇಲ್ಲ.”

ಎದುರಂಗಡಿಯಾಕೆ ತನ್ನ ಗಂಡನ ಉಣ್ಣೆಯ ಮಫ್ಲರ್ ತಂದುಕೊಟ್ಟಳು. ಔಷಧಿ ಅಂಗಡಿಯವನು ರಸ್ತೆಯ ಆಚೆಯಿಂದಲೇ ಎದೆ ಮುಟ್ಟಿಕೊಂಡು, ಹೇಗಿದೆ ಎಂದು ಕೈಸನ್ನೆಯಲ್ಲಿ ಕೇಳಿದ. ಮಾಸ್ಟರು ತನಗೇನೂ ಆಗಿಲ್ಲ ಎಂದು ಕೈ ಬೀಸಿದರು. ‘ಆಸೆ ಬಿಟ್ಟಿದ್ದೀನಿ’ ಎಂದು ಅವನಿಗೆ ಅರ್ಥವಾಯಿತೆಂದು ತೋರುತ್ತದೆ. ಕಣ್ಣೊರೆಸಿಕೊಂಡ.

“ನನಗೇನ್ರೀ ಆಗಿದೆ?” ಎಂದು ಮಾಸ್ಟರು ಬೀದಿಯ ನಡುವೆ ನಿಂತು ಕೂಗಾಡಿದರು. “ಗಾಡೀಲಿ ಹೋಗುವಾಗ ಗಾಳಿ ಹೊಡೆಯುತ್ತೆ ಅಂತ ಗ್ಲಾಸ್ ಹಾಕಿಸ್ತಿದ್ದೀನಿ. ಕಾಯಿಲೆ ಅಲ್ಲ ಇದು, ಗ್ಲಾಸು.”

“ಗಾಳಿ ಎಲ್ಲರಿಗೂ ಹೊಡೆಯುತ್ತಲ್ಲ ಮಾಸ್ಟರೇ” ಎಂದರು ಪಿಂಚಣಿದಾರರು ಮೆತ್ತಗೆ. “ಗ್ಲಾಸ್ ಹಾಕ್ಕೊಂಡು ಓಡಾಡೋ ಸ್ಥಿತಿ ಎಲ್ಲರಿಗೂ ಬರಲ್ಲ.”

ಮಾಸ್ಟರಿಗೆ ತಾಳ್ಮೆ ಕಿತ್ತುಹೋಯಿತು. ನೋಡಿ ಬೇಕಾದರೆ ಎಂದು ಚಪ್ಪಲಿ ಬಿಟ್ಟು ಬೀದಿಯ ಕೊನೆಯವರೆಗೆ ಓಡಿದರು, ಅಲ್ಲಿಂದ ತಿರುಗಿ ಓಡಿ ಬಂದರು. ಬೆಳಗಿನಿಂದ ಸಂಜೆವರೆಗೆ ಮಿಷನ್ ತುಳಿದ ಕಾಲುಗಳಿಗೆ ಓಟ ಹೊಸದು. ಬಂದು ನಿಂತಾಗ ಏದುಸಿರಿನಲ್ಲಿ ಒಂದು ಮಾತೂ ಹೊರಡಲಿಲ್ಲ. ನಾಲ್ಕು ಕೈಗಳು ಅವರನ್ನು ಹಿಡಿದು ಸ್ಟೂಲಿನ ಮೇಲೆ ಕೂರಿಸಿದವು. ಯಾರೋ ಫ್ಯಾನು ಹಾಕಿದರು. ಇನ್ನಾರೋ “ಅಯ್ಯೋ, ಗಾಳಿ ಆಗಲ್ಲ ಅವರಿಗೆ” ಎಂದು ಆರಿಸಿದರು.

ಹೆಂಡತಿ ಬಂದು, “ಅವರಿಗೆ ಕಿವಿ ಒಂದು ಬಿಟ್ರೆ ಬೇರೇನೂ ತೊಂದರೆ ಇಲ್ಲ” ಎಂದು ಗದರಿಸಿ ಎಲ್ಲರನ್ನೂ ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಮಾಸ್ಟರಿಗೆ ಕಿವಿಯೂ ಹೋಯಿತಂತೆ ಎಂದು ಬೀದಿಗೆಲ್ಲ ಗೊತ್ತಾಯಿತು. ಬಂದವರೆಲ್ಲ ಕಿರುಚಿ ಮಾತಾಡತೊಡಗಿದರು.

ಶಾಲೆಯ ಹೆಡ್ ಮಿಸ್ಸು ತಾವೇ ಬಂದರು. ಕಣ್ಣಲ್ಲಿ ನೀರು. “ಮಾಸ್ಟರೇ, ಇವತ್ತು ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ನಿಮಗೋಸ್ಕರ ಮಕ್ಕಳೆಲ್ಲ ಒಂದು ನಿಮಿಷ ಮೌನವಾಗಿ ನಿಂತಿದ್ರು.”

“ಮೌನ ಯಾಕ್ರೀ? ನಾನಿನ್ನೂ ಇದ್ದೀನಲ್ಲ.”

“ಅದನ್ನೇ ನಾನು ಮಕ್ಕಳಿಗೆ ಹೇಳ್ದೆ, ಇನ್ನೂ ಇದ್ದಾರೆ ಅಂತ. ಮೂರನೇ ಕ್ಲಾಸಿನವರು ಒಂದು ಸಂದೇಹ ಕೇಳಿದ್ರು. ಬೇಜಾರು ಮಾಡ್ಕೋಬೇಡಿ, ಸಣ್ಣ ಮಕ್ಕಳು. ಮುಂದಿನ ವರ್ಷ ಬಟ್ಟೆ ಸರಿಯಾಗಿ ಆಗುತ್ತಾ ಮಿಸ್ ಅಂತ.”

ಷಡ್ಡಕ ಬಂದದ್ದು ಸಂಜೆಗೆ. ಅವನು ಬಾಗಿಲಲ್ಲೇ ನಿಂತು, ಮಾಸ್ಟರ ಉಗುರು, ಕಣ್ಣಿನ ಬಿಳಿ, ನಾಲಿಗೆ ಇವನ್ನೆಲ್ಲ ದೂರದಿಂದಲೇ ಗಮನಿಸಿ ನಿಟ್ಟುಸಿರು ಬಿಟ್ಟ.

“ತಮ್ಮಾ, ಪಾಲಿಸಿ ಮಾಡ್ಸು ಮಾಡ್ಸು ಅಂತ ಬಡ್ಕೊಂಡೆ. ಈಗ ಯಾವ ಕಂಪನಿನೂ ಮುಟ್ಟಲ್ಲ.”

“ನನ್ನನ್ನ ಯಾರೂ ಮುಟ್ಟೋದು ಬೇಡ.”

“ಕೋಪ ಮಾಡ್ಕೋಬೇಡ, ಅದೂ ಒಂದು ಲಕ್ಷಣ. ಭಾನುವಾರ ನನ್ನ ಕಾರಿನ ಹಿಂದಿನ ಸೀಟು ಪೂರ್ತಿ ನಿನಗೆ. ಮಲಗಿಕೊಂಡು ಬಾ.”

“ನಾನು ನನ್ನ ಗಾಡೀಲಿ ಬರ್ತೀನಿ. ಎದೆಗೆ ಗಾಳಿ ಬರದ ಹಾಗೆ ಗ್ಲಾಸ್ ಹಾಕಿಸಿದ್ದೀನಿ.”

“ನೋಡು, ನೀನೇ ಹೇಳ್ತಿದ್ದೀಯ” ಎಂದ ಷಡ್ಡಕ. ಹೊರಗೆ ಹೋಗಿ ಮಾಸ್ಟರ ಹೆಂಡತಿಗೆ ಮೆಲ್ಲಗೆ, “ಧೈರ್ಯ ತಂದ್ಕೋಬೇಕಮ್ಮಾ” ಎಂದದ್ದು ಮಾಸ್ಟರಿಗೆ ಸ್ಪಷ್ಟವಾಗಿ ಕೇಳಿಸಿತು. ಕಿವಿಯಲ್ಲಿ ದೋಷವಿಲ್ಲ ಎನ್ನುವುದಕ್ಕೆ ಇದ್ದ ಸಾಕ್ಷಿ ಇದೊಂದೇ. ಯಾರಿಗೂ ಅದು ಬೇಕಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಬೋರ್ಡಿನವನು ಬಂದು ಗ್ಲಾಸು ಕೂರಿಸಿ ಹೋದ. ನೋಡಲು ಭರ್ಜರಿಯಾಗಿತ್ತು. ಅಂಚು ನುಣುಪು, ಬಾಗು ಲಕ್ಷಣ. ಮಾಸ್ಟರು ಹೆಮ್ಮೆಯಿಂದ ಏರಿ ಕೂತರು. ಕೂತು ಮುಂದೆ ನೋಡಿದರೆ ಬೀದಿಯೇ ಎರಡು ಅಂತಸ್ತಾಗಿತ್ತು. ಅಂಚು ನೆಟ್ಟಗೆ ಕಣ್ಣಿನ ಮಧ್ಯಕ್ಕೆ ಬಂದು, ಮೇಲಿನ ಅರ್ಧ ಬಯಲಿನಲ್ಲಿ, ಕೆಳಗಿನ ಅರ್ಧ ಪ್ಲಾಸ್ಟಿಕ್ಕಿನಲ್ಲಿ. ಎದುರಂಗಡಿಯಾಕೆಯ ತಲೆ ಒಂದು ಕಡೆ ಇತ್ತು, ಮೈ ಸ್ವಲ್ಪ ಪಕ್ಕಕ್ಕೆ ಸರಿದು ನಿಂತಿತ್ತು.

“ಏನಾಯ್ತು?” ಎಂದಳು ಹೆಂಡತಿ, ಬಂದು ನಿಂತಿದ್ದ ಷಡ್ಡಕನ ಕಾರಿನ ಬಾಗಿಲು ಹಿಡಿದುಕೊಂಡು.

“ಏನಿಲ್ಲ. ಸರಿಯಾಗಿದೆ.”

“ಮೂಗಿಗೆ ಅಂದಿದ್ರಲ್ಲ.”

ಮಾಸ್ಟರು ತಮ್ಮ ಬಲಗೈಯ ಎರಡು ಬೆರಳನ್ನು ನೋಡಿಕೊಂಡರು. ತಪ್ಪು ಎಲ್ಲಿಂದ ಬಂತೆಂದು ಆ ಕ್ಷಣ ಹೊಳೆಯಿತು. ಆದರೆ ಷಡ್ಡಕ ಅಲ್ಲೇ ನಿಂತಿದ್ದ, ಬೀದಿಯೆಲ್ಲ ಬೀಳ್ಕೊಡಲು ಬಂದು ನಿಂತಿತ್ತು. ಅಳತೆ ತಪ್ಪಿತು ಎಂದು ಒಬ್ಬ ಟೇಲರ್ ನಡುಬೀದಿಯಲ್ಲಿ ಹೇಳಬೇಕೆ? ಅದಕ್ಕಿಂತ ಕಾಯಿಲೆಯೇ ಮೇಲು.

“ಬರ್ತೀಯಾ?” ಎಂದು ಮಾತ್ರ ಕೇಳಿದರು.

ಹೆಂಡತಿ ಗ್ಲಾಸು ನೋಡಿದಳು, ಅವರ ಕುತ್ತಿಗೆ ನೋಡಿದಳು. “ಮೊದಲು ನೀವು ರಸ್ತೆ ಕಾಣಿಸ್ಕೊಳ್ಳಿ” ಎಂದು ಕಾರಿನೊಳಗೆ ಅಕ್ಕನ ಪಕ್ಕ ಕೂತು ಗ್ಲಾಸ್ ಏರಿಸಿದಳು.

ಹೀಗೆ ಮಾಸ್ಟರು ಖಾಲಿ ಸೀಟು ಹೊತ್ತುಕೊಂಡು ಹೊರಟರು. ಹೈವೇಯಲ್ಲಿ ಅವರು ಪಟ್ಟ ಪಾಡು ಶತ್ರುವಿಗೂ ಬೇಡ. ಗ್ಲಾಸಿನೊಳಗಿಂದ ನೋಡೋಣವೆಂದು ತಗ್ಗಿದರೆ ಹುಳುಗಳು ಬಡಿದು ಬಡಿದು ರಸ್ತೆಯೇ ಮಸುಕು. ಮೇಲಿಂದ ನೋಡೋಣವೆಂದು ಸೀಟು ಬಿಟ್ಟು ಎದ್ದರೆ ಅಂಚಿನಿಂದ ಹಾರಿದ ಗಾಳಿ ನೇರ ಹೆಲ್ಮೆಟ್ಟಿಗೆ ಹೊಡೆದು ತಲೆಯೊಳಗೆ ತಮಟೆ. ತಗ್ಗಿದರು, ಏರಿದರು, ತಗ್ಗಿದರು. ಹಿಂದಿನ ಕಾರಿನಲ್ಲಿ ಷಡ್ಡಕ ಉಸಿರು ಬಿಗಿಹಿಡಿದ. “ನೋಡಿ, ತಲೆ ನಿಲ್ತಿಲ್ಲ. ನಾನು ಹೇಳಿರಲಿಲ್ವಾ?” ಎಂದು, ನಾಲ್ಕೂ ಮೂಲೆಯ ಹಳದಿ ದೀಪ ಮಿಣುಕಿಸಿಕೊಂಡು, ಹಾರ್ನ್ ಹೊಡೆದುಕೊಂಡು, ಮೋಟಾರ್ ಸೈಕಲ್ಲಿನ ಬೆನ್ನಿಗೇ ಅಂಟಿಕೊಂಡು ಬಂದ. ಲಾರಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಟೋಲ್ ಗೇಟಿನವನು ದೂರದಿಂದಲೇ ನೋಡಿ ಕಂಬ ಎತ್ತಿ, ಟೋಪಿ ತೆಗೆದು ನಿಂತ.

ಆ ಟೋಪಿ ನೋಡಿ ಮಾಸ್ಟರಿಗೆ ಸೈರಿಸಲಾಗಲಿಲ್ಲ. ಮುಂದೆ ಸಿಕ್ಕ ಚಹಾ ಅಂಗಡಿಯ ಹತ್ತಿರ ಗಾಡಿ ನಿಲ್ಲಿಸಿ ಇಳಿದು, ನೇರ ಕಾರಿನ ಕಿಟಕಿಗೆ ಬಂದರು.

“ನಾನೇನು ಹೆಣವೇನ್ರೀ? ದೀಪ ಹಚ್ಕೊಂಡು ಹಿಂದೆ ಬರ್ತೀರಲ್ಲ.”

“ತಮ್ಮಾ, ನಿನ್ನ ಒಳ್ಳೇದಕ್ಕೇ…”

“ಬೀದಿಯವರದ್ದೂ ಒಳ್ಳೇದಕ್ಕೇ. ಶಾಲೆಯವರದ್ದೂ ಒಳ್ಳೇದಕ್ಕೇ. ಟೋಪಿ ತೆಗೆದವನೂ ಒಳ್ಳೆಯವನೇ. ಒಬ್ಬನಾದ್ರೂ ನನ್ನ ಮಾತು ಕೇಳಿದ್ನಾ? ಎಲ್ಲರೂ ಹೂಂ ಹೂಂ ಅಂದ್ರಿ. ಒಬ್ಬರೂ ಕೇಳಿಸ್ಕೊಳ್ಳಲಿಲ್ಲ.”

ಹೇಳಿದ ಮೇಲೆ ಮಾಸ್ಟರಿಗೆ ಆ ಮಾತು ಎಲ್ಲೋ ಕೇಳಿದ ಮಾತು ಅನ್ನಿಸಿತು.

ಹಿಂದಿನ ಬಾಗಿಲು ತೆರೆಯಿತು. ಹೆಂಡತಿ ಇಳಿದಳು. ಅವಳ ಕಂಕುಳಲ್ಲಿ ಕಾರಿನ ಸೀಟಿನ ಮೇಲಿದ್ದ ದಿಂಬಿತ್ತು.

“ಎಲ್ಲಿಗಮ್ಮಾ?” ಎಂದ ಷಡ್ಡಕ ಗಾಬರಿಯಿಂದ.

“ಭಾವ, ಇಲ್ಲಿ ಎಲ್ಲಾ ಚೆನ್ನಾಗಿ ಕೇಳಿಸುತ್ತೆ, ನಿಜ. ಆದ್ರೆ ಹೊರಟಾಗಿಂದ ಕೇಳಿಸ್ತಿರೋದು ನಿಮ್ಮ ಮಾತೊಂದೇ.”

ಅವಳು ಗಾಡಿಯ ಹತ್ತಿರ ಹೋಗಿ ದಿಂಬನ್ನು ಮುಂದಿನ ಸೀಟಿನ ಮೇಲಿಟ್ಟು, ಅಂಗೈಯಿಂದ ಒತ್ತಿ, ತನ್ನ ಎರಡು ಬೆರಳು ಅಡ್ಡ ಇಟ್ಟು ದಪ್ಪ ನೋಡಿದಳು.

“ಕೂತ್ಕೊಳ್ಳಿ.”

“ಗ್ಲಾಸು ಸ್ವಲ್ಪ ಕತ್ತರಿಸಿದ್ರೆ…”

“ಗ್ಲಾಸಿನದೇನೂ ತಪ್ಪಿಲ್ಲ. ನೀವು ಇನ್ನೂ ಅದಕ್ಕೆ ಹೊಂದ್ಕೊಂಡಿಲ್ಲ. ಬೆಳೀತೀರಿ ಬಿಡಿ.”

ಮಾಸ್ಟರು ಕೂತರು. ದಿಂಬು ಅವರನ್ನು ಎತ್ತಿತು. ಅಂಚು ಕಣ್ಣಿನಿಂದ ಇಳಿದು ಮೂಗಿನ ಮಟ್ಟಕ್ಕೆ ಬಂದು ನಿಂತಿತು. ರಸ್ತೆ ಒಂದಾಯಿತು. ಹೆಂಡತಿ ಹಿಂದೆ ಹತ್ತಿ ಕೂತಳು. ಗಾಡಿ ಹೈವೇ ಸೇರಿ ವೇಗ ಹಿಡಿದ ಮೇಲೂ ಗಾಳಿ ಅವರ ಗೊಡವೆಗೆ ಬರದೆ, ತಲೆಯ ಮೇಲೆ ಎಲ್ಲೋ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಇಂಜಿನ್ನಿನ ಸದ್ದು ಹೊಲಿಗೆ ಮಿಷನ್ನಿನ ಸದ್ದಿನ ಹಾಗೆ ಹಿತವಾಗಿ ಕೇಳುತ್ತಿತ್ತು. ಆಮೇಲೆ ಅವಳು ಮುಂದಕ್ಕೆ ಬಾಗಿದಳು.

ಹಿಂದೆ ಬರುತ್ತಿದ್ದ ಷಡ್ಡಕ ಕಂಡದ್ದು ಇಷ್ಟು: ಮಾಸ್ಟರ ಹೆಲ್ಮೆಟ್ ಒಂದು ಸಲ ಅಡ್ಡಡ್ಡ ಆಡಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಅಡ್ಡ ಆಡಿತು. ಆಮೇಲೆ ಬಹಳ ಹೊತ್ತು ಅಲುಗಾಡಲಿಲ್ಲ. ಕೊನೆಗೆ ನಿಧಾನವಾಗಿ, ಒಂದೇ ಒಂದು ಸಲ, ಮೇಲೆ ಕೆಳಗೆ ಆಡಿತು.

ಮಾವನ ಮನೆಯಲ್ಲಿ ನಡುಮನೆಗೇ ಮಂಚ ತಂದು ಹಾಕಿದ್ದರು. ಷಡ್ಡಕ ಮುಂಚೆಯೇ ಫೋನಿನಲ್ಲಿ ಎಲ್ಲ ಹೇಳಿದ್ದ. ಮಾವ ಆಯುಷ್ಯವಿಡೀ ಬಸ್ಸಿನ ದೊಡ್ಡ ಗಾಜಿನ ಹಿಂದೆ ಕೂತು ದುಡಿದು ನಿವೃತ್ತರಾದ ಡ್ರೈವರು. ಈಗ ಆರಾಮಕುರ್ಚಿಯಲ್ಲಿ ಕೂತಿದ್ದರು. ಎಲ್ಲರೂ ಬಂದ ಮೇಲೆ ಅವರ ಕಣ್ಣಿನ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿದರು. ಹೆಣ್ಣುಮಕ್ಕಳ ಮುಖ ನೋಡಿ ಸಂತೋಷಪಟ್ಟ ಮೇಲೆ, ಕನ್ನಡಕ ಸ್ವಲ್ಪ ಎತ್ತಿ ಅಳಿಯನನ್ನು ನೋಡಿದರು.

“ಮೊದಲು ಮಸುಕಾಗಿ ಕಾಣ್ತಿದ್ರಿ ಅಳಿಯಂದಿರೇ. ಈಗ ಚೆನ್ನಾಗಿ ಕಾಣ್ತೀರಿ. ಮುಖ ಯಾಕೋ ಕೆಂಪಗಿದೆ.”

“ಜ್ವರ ಇರಬೇಕು ಮಾವ” ಎಂದ ಷಡ್ಡಕ. “ದಾರೀಲಿ ನಾನು ಕಣ್ಣಾರೆ ನೋಡ್ದೆ. ತಲೆ ಅಡ್ಡ ಆಡ್ತು. ಮತ್ತೆ ಅಡ್ಡ ಆಡ್ತು. ಆಮೇಲೆ ಮೇಲೆ ಕೆಳಗೆ. ಅದು ಫಿಟ್ಸಲ್ಲದೆ ಇನ್ನೇನು? ಅಲ್ಲ ಅಂತ ಅವನೇ ಹೇಳಲಿ.”

ಮಾಸ್ಟರು ಬಾಯಿ ತೆರೆದರು. ಇಷ್ಟು ದಿನ ತಡೆದುಕೊಂಡ ಸಿಟ್ಟೆಲ್ಲ ಗಂಟಲಿಗೆ ಬಂದು ನಿಂತಿತ್ತು. ಮಫ್ಲರು, ಮೌನ, ಟೋಪಿ, ಮಂಚ, ಎಲ್ಲದಕ್ಕೂ ಒಂದೇ ಏಟಿಗೆ ಉತ್ತರ ಕೊಡಬಹುದಾಗಿತ್ತು. ತಲೆ ಯಾಕೆ ಆಡಿತು ಎಂದು ಹೇಳಿದರೆ ಮುಗಿಯಿತು. ಅವಳು ಇಂಥ ಮಾತು ಕೇಳಿದಳು, ನಾನು ಮೊದಲು ಬೇಡ ಅಂದೆ, ಆಮೇಲೆ ಆಗಲಿ ಅಂದೆ. ಷಡ್ಡಕನ ಬಾಯಿಗೆ ಬೀಗ ಬೀಳುತ್ತಿತ್ತು.

ಹೆಂಡತಿ ಬಾಗಿಲ ಹತ್ತಿರ ದಿಂಬು ಹಿಡಿದುಕೊಂಡು ನಿಂತಿದ್ದಳು. ಏನೂ ಸನ್ನೆ ಮಾಡಲಿಲ್ಲ. ದಿಂಬನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿಕೊಂಡಳು, ಅಷ್ಟೆ.

“ಹೂಂ” ಎಂದರು ಮಾಸ್ಟರು. “ಸ್ವಲ್ಪ ಫಿಟ್ಸು.”

ಕೂಡಲೇ ಅವರನ್ನು ಹಿಡಿದು ಮಂಚದ ಮೇಲೆ ಮಲಗಿಸಿದರು. ನಡುಮಧ್ಯಾಹ್ನದ ಸೆಕೆಯಲ್ಲಿ ಕಂಬಳಿ ಹೊದಿಸಿದರು. ಎದೆಗೆ ಗಾಳಿ ತಾಗಬಾರದೆಂದು ಫ್ಯಾನು ಆರಿಸಿದರು. ಮಾಸ್ಟರು ಕಂಬಳಿಯೊಳಗೆ ಬೆವರುತ್ತ, ಸೂರು ನೋಡುತ್ತ, ಮೈಯೆಲ್ಲ ಸಿಟ್ಟಾಗಿ ಮಲಗಿದ್ದರು. ಮರುದಿನ ವಾಪಸು ಹೊರಡುವಾಗ ಹೆಂಡತಿ ಯಾರನ್ನೂ ಕೇಳದೆ ದಿಂಬು ತಂದು ಗಾಡಿಯ ಸೀಟಿನ ಮೇಲಿಟ್ಟು, ಹಿಂದೆ ಕೂತಳು.

ಅವಳು ಹೈವೇಯಲ್ಲಿ ಏನು ಕೇಳಿದಳು, ಮಾಸ್ಟರು ಎರಡು ಸಲ ಬೇಡ ಅಂದದ್ದು ಮೂರನೇ ಸಲಕ್ಕೆ ಯಾಕೆ ಆಗಲಿ ಅಂದರು, ಇದು ಹೇಳುವವರಿಗೂ ಗೊತ್ತಿಲ್ಲ. ಬೀದಿಯಲ್ಲಿ ಎಲ್ಲರನ್ನೂ ವಿಚಾರಿಸಿದ್ದಾಯಿತು. ಫಿಟ್ಸು ಎಂದೇ ಹೇಳುತ್ತಾರೆ.